ಟಕಟಕ ಲಿಪಿ

ಗೋಡೆಯ ಮೇಲಿನ ಪೋಸ್ಟರಿನಲ್ಲಿ ಮ್ಯೂಸಿಯಮ್ಮಿನ ನಿರ್ದೇಶಕರ ನಗುಮುಖ. ಕೆಳಗೆ 'ಟಕಟಕ ಲಿಪಿಯ ಜನಕ' ಎಂಬ ಅಚ್ಚು. ಅದನ್ನು ಕಂಡಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಮಕ್ಕಳ ಮ್ಯೂಸಿಯಮ್ಮಿನಲ್ಲಿ ಗುಪ್ತಲಿಪಿ ಕಲಿಸುವ ಮೇಷ್ಟ್ರು ಅವನು. ಕವರ್ಗದಿಂದ ಪವರ್ಗದವರೆಗೆ ಐದು ಸಾಲು, ಸಾಲಿಗೆ ಐದು ಅಕ್ಷರ. ಮೊದಲು ಸಾಲಿನ ಸಂಖ್ಯೆಯಷ್ಟು ಸಲ ಕುಟ್ಟು, ತಡೆದು ಆ ಸಾಲಿನಲ್ಲಿ ಅಕ್ಷರ ಎಷ್ಟನೆಯದೋ ಅಷ್ಟು ಸಲ ಕುಟ್ಟು, ಕಾಗುಣಿತ ಊಹಿಸಿಕೋ. ಎಲ್ಲ ಅವನದೇ ತಲೆಯಿಂದ ಬಂದದ್ದು. 'ಮನೇಲಿ ಒಬ್ಬರಿಗೆ ಕಲಿಸಿ ಬನ್ನಿ' ಎಂದು ಮಕ್ಕಳನ್ನು ಕಳಿಸುತ್ತಿದ್ದವನೂ ಅವನೇ. ಹೆಸರು ಹೊಡೆದುಕೊಂಡವರಿಗೆ ಅದರ ಒಂದಕ್ಷರವೂ ಬಾರದು. ಸಾಲದ್ದಕ್ಕೆ ಎಲ್ಲರೆದುರು "ಏನಪ್ಪಾ ಜಾಣ" ಎಂದು ಕರೆದು ಕರೆದು, ಮಕ್ಕಳ ಬಾಯಲ್ಲೂ ಅವನು ಜಾಣ ಸರ್ ಆಗಿಬಿಟ್ಟಿದ್ದ.

ಮ್ಯೂಸಿಯಂ ಹಿಂದೆ ಬ್ಯಾಂಕಾಗಿತ್ತು. ನೆಲಮಾಳಿಗೆಯ ಖಜಾನೆ ಕೋಣೆಯಲ್ಲಿ ಈಗ ಹಳೆಯ ಸಾಮಾನು. ಉಕ್ಕಿನ ಬಾಗಿಲು ಮುಚ್ಚಿದರೆ ಗಾಳಿ ನುಸುಳದು, ಮೊಬೈಲ್ ಹತ್ತದು, ಒಳಗಿನಿಂದ ತೆರೆಯಲೂ ಆಗದು. ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆಂದು ಕಸ ಗುಡಿಸುವವಳು ಎಷ್ಟೋ ಸಲ ಬಡಿದುಕೊಂಡಿದ್ದಳು. ಅವನ ಪುಣ್ಯ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮುಂದೆ ಹೆಣ ಸಿಕ್ಕಾಗ, ಬಾಗಿಲು ತಾನೇ ಮುಚ್ಚಿಕೊಂಡಿತೆಂದು ಆಕೆಯೇ ಎಲ್ಲರಿಗೂ ಹೇಳುತ್ತಾಳೆ.

ಇವತ್ತು ನಿರ್ದೇಶಕರು ಇಲ್ಲಿಂದಲೇ ರೈಲು ಹತ್ತಿ ಪ್ರವಾಸ ಹೋಗುವವರಿದ್ದರು. ಬರಲಿಲ್ಲವೆಂದು ಹುಡುಕುವವರಿಲ್ಲ.

"ಸರ್, ನೀವು ಕೇಳ್ತಿದ್ದ ಆ ಹಳೇ ಗಡಿಯಾರ ಕೆಳಗಡೆ ಕಪಾಟಲ್ಲಿದೆ, ನೋಡ್ತೀರಾ?" ಎಂದ. ಅವರು ಒಳಗೆ ಹೋಗಿ ಬಗ್ಗಿದರು. ಅವನು ಮೊಣಕೈಯಿಂದ ಬಾಗಿಲು ತಳ್ಳಿದ. ಅಷ್ಟೇ ಕೆಲಸ.

ಮೇಲೆ ಬಂದು ಪಾಠ ಶುರುಮಾಡಿದ. ನಿರ್ದೇಶಕರ ಮೊಮ್ಮಗಳನ್ನೇ ಮುಂದಿನ ಬೆಂಚಿನಲ್ಲಿ ಕೂರಿಸಿದ್ದ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು! ಆದರೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಮುರಿಯಿತು, ಇನ್ನೊಂದು ತೆಗೆದುಕೊಂಡರೆ ಅದೂ ಮುರಿಯಿತು. ಮೂಲೆಯ ನೀರಿನ ಪೈಪು ಟಕಟಕ ಎನ್ನತೊಡಗಿತು. ಅದು ಖಜಾನೆ ಕೋಣೆಯ ಮೂಲಕವೇ ಬರುವುದೆಂದು ಅವನಿಗೆ ಗೊತ್ತಿತ್ತು, ಅದನ್ನೂ ಯೋಚಿಸಿಯೇ ಇದ್ದ. ಹಳೇ ಪೈಪು, ದಿನವಿಡೀ ಹೀಗೇ ಸದ್ದು ಮಾಡುತ್ತದೆ, ಯಾರು ಕೇಳಬೇಕು? ಕುಟ್ಟಿಕೊಳ್ಳಲಿ. ಅವನು ದನಿ ಏರಿಸಿದ.

ಮಕ್ಕಳು ಬೋರ್ಡು ನೋಡುತ್ತಿರಲಿಲ್ಲ. ಪೈಪಿನತ್ತ ತಿರುಗಿ ಬೆರಳು ಮಡಚುತ್ತಿದ್ದರು.

"ಕ, ದ, ತ, ಗ," ಎಂದಳು ಮೊಮ್ಮಗಳು. "ಕದ ತೆಗಿ!"

"ಪೈಪಮ್ಮಾ ಅದು, ಈ ಕಡೆ ನೋಡು."

"ಪೈಪಲ್ಲ ಸರ್, ನಮ್ ತಾತ. ಮನೇಲಿ ಒಬ್ರಿಗೆ ಕಲಿಸಿ ಅಂದ್ರಲ್ಲ, ನಾನು ತಾತಂಗೇ ಕಲಿಸಿದ್ದು. ಊಟಕ್ಕೆ ಕೂತ್ರೆ ಇಬ್ರೂ ತಟ್ಟೆ ಕುಟ್ಟಿ ಕುಟ್ಟಿ ಅಮ್ಮನ ಹತ್ರ ಬೈಸ್ಕೊಳ್ತೀವಿ." ಪೈಪು ಮತ್ತೆ ಕುಟ್ಟಿತು. "ಕದ ಜಡಿದ," ಎಂದು ಹಿಂದಿನ ಬೆಂಚಿನಿಂದ ಯಾರೋ ಓದಿದರು. "ಯಾರಂತೆ?" ಎಂದಿತು ಇನ್ನೊಂದು ಮಗು. ಪೈಪು ಮುಂದುವರಿಯಿತು, ಅವನೂ ಎಣಿಸಿದ. ಎರಡನೇ ಸಾಲಿನ ಮೂರನೆಯದು, ಜ. ಮೂರನೇ ಸಾಲಿನ ಐದನೆಯದು, ಣ. ಇದನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ಎಲ್ಲರೂ ಅವನತ್ತ ತಿರುಗಿದರು.