ನೇರಿಯೋನ ಕಂಪ್ಯೂಟರ್ ಎಬ್ಬಿಸಿದ್ದು

"ಏಳಲಿಲ್ಲ," ಎಂದ ನೇರಿಯೋ.

ನನ್ನ ಕಾಫಿಗೆ ಇನ್ನೂ ಸಕ್ಕರೆ ಬಿದ್ದಿರಲಿಲ್ಲ. ಫೋನಿನ ತುಂಬ ಅವನ ಮುಖ, ತಲೆ ಬಾಚದ ಮುಖ.

"ಏಳಲಿಲ್ಲ ಅಂದ್ರೆ? ನಿನ್ನೆ ಸಂಜೆ ನನ್ನ ಕಣ್ಣೆದುರಿಗೇ ಎದ್ದಿತಲ್ಲೋ!"

"ನಿನ್ನ ಕಣ್ಣೆದುರಿಗೆ ಯಾರು ತಾನೇ ಮಲಗಿರ್ತಾರೆ ಎಗ್ಲೀ? ನೀನಿಲ್ದೆ ಇದ್ರೆ ಏಳಲ್ಲ. ಅದರ ಕಷ್ಟ ನನಗೆ ಅರ್ಥ ಆಗುತ್ತೆ."

ಹೀಗೆ ಮಾತಾಡಿಬಿಡುತ್ತಾನೆ. ಆಮೇಲೆ ಏನೂ ಆಗದವನಂತೆ ಹಲ್ಲುಜ್ಜಲು ಹೋಗುತ್ತಾನೆ. ಇಡೀ ದಿನ ಒದ್ದಾಡುವವಳು ನಾನು.

ನೇರಿಯೋ ಕಟ್ಟಡಗಳ ನಕ್ಷೆ ಬರೆಯುವವನು. ಸೆಕೆಯ ಊರು ಮರಕೈಬೋದಲ್ಲಿ ನಮ್ಮ ಮನೆಯೊಡತಿ ದೋನ್ಯಾ ಇರೈದಾ ಅವರ ಮೇಲಿನ ಕೋಣೆ ಅವನದು, ಅದರ ಕೆಳಗಿನದು ನನ್ನದು. ಒಂದು ಶಾಲೆಯ ಕಟ್ಟಡದ ಕೆಲಸಕ್ಕೆಂದು ಬೆಟ್ಟದ ಮೇಲಿನ ಮೆರಿದಾದ ಕಂಪನಿಯೊಂದು ಅವನನ್ನು ಒಂದು ತಿಂಗಳ ಮಟ್ಟಿಗೆ ಕರೆಸಿಕೊಂಡಿತ್ತು. ನಕ್ಷೆಗಳೆಲ್ಲ ಇದ್ದದ್ದು ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ. ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಬೆಟ್ಟ ಹತ್ತಿಸುವ ಹಾಗಿರಲಿಲ್ಲ. ಅವನು ಒಯ್ದ ಹಳೆಯ ಲ್ಯಾಪ್‌ಟಾಪಿನಿಂದ ಇಲ್ಲಿನ ಪರದೆಯನ್ನು ನೋಡಬಹುದಿತ್ತು, ಅಷ್ಟೇ. ಹಾಗಾಗಿ ಅಲ್ಲಿಂದಲೇ ನೆಟ್‌ವರ್ಕ್ ಮೂಲಕ ಒಂದು ಸಿಗ್ನಲ್ ಕಳಿಸಿ ಇದನ್ನು ಎಬ್ಬಿಸುವುದು, ಕೆಲಸ ಮಾಡುವುದು, ಮತ್ತೆ ಮಲಗಿಸುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಹಗಲು ರಾತ್ರಿ ಉರಿಸಿಡುವ ಮಾತೇ ಇಲ್ಲ. ನಮ್ಮೂರಿನಲ್ಲಿ ಕರೆಂಟು ಹೇಳದೆ ಹೋಗುತ್ತದೆ, ಬರುವಾಗ ಒದ್ದುಕೊಂಡು ಬಂದು ಸಿಕ್ಕಿದ ಯಂತ್ರವನ್ನು ಸುಡುತ್ತದೆ.

ಕೋಣೆಯ ಕೀಲಿ ನನ್ನ ಹತ್ತಿರ ಇತ್ತು. ಒಂದು ಕ್ಲಿನಿಕ್ಕಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು ನಾನು. "ಎಬ್ಬಿಸೋದು ನನಗೆ ಬಿಡು" ಎಂದು ಜಂಬ ಕೊಚ್ಚಿದ್ದೂ ನಾನೇ.

ನಕ್ಷೆಗಳು ಶುಕ್ರವಾರ ಮಧ್ಯಾಹ್ನದೊಳಗೆ ತಲುಪಿದರೆ ಕಂಪನಿ ಅವನನ್ನು ಎರಡು ವರ್ಷ ಅಲ್ಲೇ ಇಟ್ಟುಕೊಳ್ಳುತ್ತಿತ್ತು. ತಲುಪದಿದ್ದರೆ ಅವನು ಭಾನುವಾರದ ಬಸ್ಸಿಗೆ ವಾಪಸು. ನನಗೆ ಬೇಕಾಗಿದ್ದದ್ದು ಒಂದೇ, ಅವನು ವಾಪಸು ಬರುವುದು. ನಾನು ದಿನಾ ಸಂಜೆ ಬೆವರು ಸುರಿಸಿ ಮಾಡುತ್ತಿದ್ದದ್ದು ಅವನು ಬಾರದ ಹಾಗೆ ನೋಡಿಕೊಳ್ಳುವ ಕೆಲಸ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಳ್ಳುತ್ತಿದ್ದೆ, ಅದೂ ಸರಿಯಾಗಿ ಬೀಳುತ್ತಿರಲಿಲ್ಲ.

ಅಂದು ಸಂಜೆ ಕ್ಲಿನಿಕ್ಕಿನಿಂದ ಬಂದವಳೇ ಮೇಲೆ ಹೋದೆ. ಫೋನನ್ನು ಮಾನಿಟರಿಗೆ ಒರಗಿಸಿ ನಿಲ್ಲಿಸಿದೆ, ಅವನಿಗೆ ಕೋಣೆ ಕಾಣುವ ಹಾಗೆ.

"ಹಿಂದುಗಡೆ ಕೇಬಲ್ ಹಾಕೋ ಕಡೆ ಹಸಿರು ದೀಪ ಇದೆಯಾ?"

ನಾನು ಮೇಜಿನಡಿಗೆ ತೂರಿದೆ. "ಇದೆ. ಮೆಷಿನ್ ಆಫ್ ಆಗಿದ್ರೂ ಮಿಣಮಿಣ ಅಂತಿದೆ."

"ಅಂದ್ರೆ ನಿದ್ದೇಲೂ ಕಿವಿ ತೆರ್ಕೊಂಡಿದೆ. ಕೂಗು ನೋಡೋಣ."

ನನ್ನ ಫೋನಿನಿಂದ ಸಿಗ್ನಲ್ ಕಳಿಸಿದೆ. ಫ್ಯಾನು ಗುರ್ ಎಂದಿತು, ಪರದೆ ಬೆಳಗಿತು. ಆರಿಸಿದೆ, ಮತ್ತೆ ಕೂಗಿದೆ, ಮತ್ತೆ ಎದ್ದಿತು.

"ನೋಡು, ಎಷ್ಟು ಒಳ್ಳೇ ಮಗು!"

"ಒಳ್ಳೇ ಮಗುವೇ. ನಾನು ಕೂಗಿದ್ರೆ ಮಾತ್ರ ಕಿವುಡು. ಎಗ್ಲೀ, ಮೂಗಿನ ಮೇಲೆ ಧೂಳಿದೆ. ಒರೆಸ್ಬೇಡ, ಚೆನ್ನಾಗಿದೆ."

ನಾನು ಒರೆಸಿಕೊಳ್ಳಲಿಲ್ಲ.

ಈ ವೇಳೆಗೆ ಮಾಡದ ಉಪಾಯವಿರಲಿಲ್ಲ. ವಿಂಡೋಸ್‌ಗಿಂತ ಮೊದಲು ಏಳುವ ಬಯೋಸ್ ಎಂಬುದರ ಒಳಗೆ ಹೋಗಿ, ಮಲಗಿದಾಗಲೂ ನೆಟ್‌ವರ್ಕಿಗೆ ಕಿವಿಗೊಡು ಎಂಬ ಸೆಟ್ಟಿಂಗ್ ಹಾಕಿದ್ದೆ. ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ದೆ ಮಾಡುವ ಚಾಳಿಯನ್ನು ಬಿಡಿಸಿದ್ದೆ. ಕ್ಲಿನಿಕ್ಕಿನಿಂದ ಹೊಸ ಕೇಬಲ್ ತಂದಿದ್ದೆ. ಸಂಜೆ ಪರೀಕ್ಷೆ ಮಾಡಿದರೆ ಎಲ್ಲ ಸರಿ. ಬೆಳಗ್ಗೆ ಅವನು ಮೆರಿದಾದಿಂದ ಕೂಗಿದರೆ ಹೆಣ.

ಕೊನೆಗೆ ಸಂಜೆಗಳಲ್ಲೇ ಕೆಲಸ ಸಾಗತೊಡಗಿತು. ಕರೆಂಟು ಇದ್ದಷ್ಟು ಹೊತ್ತು ಅವನು ಅಲ್ಲಿಂದ ನಕ್ಷೆ ಬರೆಯುತ್ತಿದ್ದ. ನಾನು ಇಲ್ಲಿ ಅವನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಯಾರೂ ಮುಟ್ಟದ ಮೌಸಿನ ಬಾಣ ಪರದೆಯ ಮೇಲೆ ಓಡಾಡುತ್ತಿತ್ತು, ಒಂದು ಕಿಟಕಿ ಬರೆಯುತ್ತಿತ್ತು, ಒಂದು ಮೆಟ್ಟಿಲು ಅಳಿಸುತ್ತಿತ್ತು. ಅದು ಅವನ ಕೈ ಎಂದು ನನಗೆ ಅನಿಸುತ್ತಿತ್ತು. ಒಮ್ಮೊಮ್ಮೆ ಬಾಣ ನಿಂತಲ್ಲೇ ನಿಂತುಬಿಡುತ್ತಿತ್ತು.

"ಯಾಕೋ ನಿಲ್ಲಿಸ್ದೆ?"

"ಲೆಕ್ಕ ಹಾಕ್ತಿದ್ದೆ."

ಫೋನಿನಲ್ಲಿ ಅವನ ಕಣ್ಣು ನಕ್ಷೆಯ ಮೇಲೆ ಇರುತ್ತಿರಲಿಲ್ಲ. ನಾನೂ ಗೊತ್ತಾಗದವಳಂತೆ ಕೂದಲು ಕಟ್ಟಿಕೊಳ್ಳುತ್ತಿದ್ದೆ, ಬಿಚ್ಚುತ್ತಿದ್ದೆ.

ಶುಕ್ರವಾರ ಹತ್ತಿರ ಬಂದಂತೆ ನನ್ನ ತಲೆ ಕೆಟ್ಟಿತು. ನಾನಿಲ್ಲದಾಗ ಮನೆಯಲ್ಲಿರುವವರು ದೋನ್ಯಾ ಒಬ್ಬರೇ. ಹೋಗಿ ಕೇಳಿಯೇಬಿಟ್ಟೆ. "ದೋನ್ಯಾ, ಕಸ ಗುಡಿಸೋಕೆ ಅಂತ ನೇರಿಯೋ ಕೋಣೆಗೆ ಹೋಗಿ ಏನಾದ್ರೂ ಮುಟ್ತೀರಾ?"

ಅವರು ಸೌಟು ಕೆಳಗಿಟ್ಟರು. "ಈ ಮಂಡಿ ಇಟ್ಕೊಂಡು ನಾನು ಮೆಟ್ಟಿಲು ಹತ್ತೋದಾ? ಅವನ ಕೋಣೆಗೆ ದಿನಾ ಹೋಗೋಳು ಯಾರು ಅಂತ ಇಡೀ ಬೀದಿಗೆ ಗೊತ್ತು ಮಗಳೇ. ನನ್ನ ಬಾಯಿ ಬಿಡಿಸ್ಬೇಡ."

ನಾನು ಬಾಲ ಮುದುರಿಕೊಂಡು ಬಂದೆ. ಗುರುವಾರ ಸಂಜೆ ಅವರೇ ಕರುಣೆ ತೋರಿ ಬಾಳೆಹಣ್ಣು ಹಾಕಿದ ಹಿಟ್ಟಿನ ಬಳೆ, ಬಿಸಿ ಮಂದೋಕಾ ಕರಿದು ಒಂದು ತಟ್ಟೆ ಕೊಟ್ಟರು. ತಿನ್ನುತ್ತ ನೇರಿಯೋನ ಹೊಟ್ಟೆ ಉರಿಸಿದೆ. ಅವನು ಕೊನೆಯ ಗೆರೆಗಳನ್ನು ಬೆಳಗ್ಗೆ ಎಳೆಯುತ್ತೇನೆ ಎಂದ. ಮೆಷಿನ್ ಮಲಗಿಸಿದೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕೀಲಿ ಮತ್ತು ಚೀಲ. ಹೊರಡುವ ಮುಂಚೆ ಬಗ್ಗಿ ತಟ್ಟೆಯನ್ನು ನೆಲಕ್ಕಿಟ್ಟೆ.

ಯಾಕೆ ಇಟ್ಟೆ? ನನ್ನ ಬಲಗೈ ಆಗಲೇ ಗೋಡೆಯ ಪ್ಲಗ್ಗನ್ನು ಹಿಡಿದಿತ್ತು.

ನಮ್ಮೂರಿನಲ್ಲಿ ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಕೋಣೆಗೆ ಬಂದವರು ಪ್ಲಗ್ ಹಾಕುತ್ತಾರೆ, ಹೋಗುವವರು ಕಿತ್ತು ಹೋಗುತ್ತಾರೆ, ಒದೆಯುವ ಕರೆಂಟಿಗೆ ಏನೂ ಸಿಗದಿರಲಿ ಎಂದು. ಬಾಗಿಲಲ್ಲಿ ಚಪ್ಪಲಿ ಬಿಟ್ಟಷ್ಟೇ ಸಲೀಸು. ಕ್ಲಿನಿಕ್ಕಿನಲ್ಲಿ ಜನರೇಟರ್ ಇದೆ, ಅಲ್ಲಿ ನನಗೆ ಆ ಅಭ್ಯಾಸವಿಲ್ಲ. ಮನೆಯಲ್ಲಿ ಮಾತ್ರ ನನ್ನ ಕೈ ನನ್ನಮ್ಮನ ಕೈ. ಪ್ಲಗ್ ಕಿತ್ತಿಟ್ಟ ಯಂತ್ರವನ್ನು ಅವನು ದಿನಾ ಬೆಳಗ್ಗೆ ಕೂಗುತ್ತಿದ್ದ. ಕಿವಿಗೆ ಕರೆಂಟೇ ಇಲ್ಲದೆ ಅದು ಕೇಳುವುದಾದರೂ ಹೇಗೆ!

ನಾಚಿಕೆಯಿಂದ ಫೋನಿನತ್ತ ನೋಡಿದೆ. ನೇರಿಯೋ ನಗಲಿಲ್ಲ, ಬೆರಗಾಗಲೂ ಇಲ್ಲ. ಕಳ್ಳನ ಮುಖ ಮಾಡಿಕೊಂಡಿದ್ದ.

"ನಿನಗೆ ಗೊತ್ತಿತ್ತಾ?"

"ಹ್ಞೂಂ. ನೀನು ಪ್ಲಗ್ ಕೀಳೋದು ಮೊದಲನೇ ಸಂಜೇನೇ ಕಾಣಿಸ್ತು."

"ಹಾಳಾದವನೇ! ಹೇಳೋಕೇನಾಗಿತ್ತು? ನಿನ್ನ ಕೆಲಸ ಹೋಗ್ತಿತ್ತಲ್ಲೋ!"

"ಹೇಳಿದ್ರೆ ಬೆಳಗ್ಗೆ ಅದು ಎದ್ದುಬಿಡ್ತಿತ್ತು. ನೀನು ಸಂಜೆ ಯಾಕೆ ಬರ್ತಿದ್ದೆ? ದಿನಾ ಇವತ್ತು ಹೇಳ್ತೀನಿ ಅಂದ್ಕೊಳ್ತಿದ್ದೆ. ನೀನು ಮೇಜಿನಡಿಯಿಂದ ತಲೆ ಎತ್ತಿ ನಗ್ತಿದ್ದೆ. ಏನು ಮಾಡ್ಲಿ?"

ತಟ್ಟೆ ಎತ್ತಿಕೊಂಡೆ. ಪ್ಲಗ್ಗನ್ನು ಕೀಳದೆ ಗೋಡೆಯಲ್ಲೇ ಬಿಟ್ಟು ಕೆಳಗಿಳಿದೆ.

ಬೆಳಗ್ಗೆ ಮೇಲಿನ ಕೋಣೆಯಲ್ಲಿ ಫ್ಯಾನು ಗುರ್ ಎಂದದ್ದು ನನಗೆ ಹಾಸಿಗೆಯಲ್ಲೇ ಕೇಳಿಸಿತು. ಅಷ್ಟು ದೂರದಿಂದ ಕೂಗಿ ಎಬ್ಬಿಸಿದ್ದ. ನಾನು ಗೆದ್ದಿದ್ದೆ. ದಿಂಬಿಗೆ ಮುಖ ಒತ್ತಿ ಅತ್ತೆ.

ನನಗೆ ಅಲ್ಲಿ ಇನ್ನೇನೂ ಕೆಲಸವಿರಲಿಲ್ಲ. ಆದರೂ ಅರ್ಧ ದಿನ ರಜೆ ಹಾಕಿ ಮೇಲೆ ಹೋಗಿ ಕೂತೆ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಅವನು ನಕ್ಷೆಗಳನ್ನು ಕಳಿಸತೊಡಗಿದ. ಪರದೆಯ ಮೇಲೆ ನೀಲಿ ಪಟ್ಟಿ ಇಷ್ಟಿಷ್ಟೇ ಮುಂದೆ ಸರಿಯುತ್ತಿತ್ತು. ಸರಿದಷ್ಟೂ ಅವನು ನನ್ನಿಂದ ದೂರವಾಗುತ್ತಿದ್ದ.

"ಎಗ್ಲೀ," ಎಂದ. "ಪ್ಲಗ್ ನಿನ್ನ ಕೈಗೆ ಸಿಗುತ್ತೆ. ಎಳೆದುಬಿಡು. ಕರೆಂಟು ಹೋಯ್ತು ಅಂತೀನಿ. ಭಾನುವಾರ ಮನೇಲಿರ್ತೀನಿ."

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ."

ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ. "ನನ್ನಿಂದಾಗಲ್ಲ ಕಣೋ. ಬೇಕಾದ್ರೆ ನೀನೇ ನಿಲ್ಲಿಸು."

ಬಾಣ ಪಟ್ಟಿಯ ಹತ್ತಿರ ಬಂತು. ನಿಲ್ಲಿಸುವ ಗುಂಡಿಯ ಮೇಲೆ ನಿಂತಿತು. ಒತ್ತಲು ಅವನಿಂದಲೂ ಆಗಲಿಲ್ಲ. ನಾವಿಬ್ಬರೂ ಪೆದ್ದರಂತೆ ನೋಡುತ್ತ ಕೂತಿದ್ದಾಗಲೇ ಪಟ್ಟಿ ತುಂಬಿತು.

"ಹೋಯ್ತು," ಎಂದ.

"ಹೋಯ್ತು," ಎಂದೆ ನಾನೂ.

ಬೀದಿಯಲ್ಲಿ ಐಸ್ ಮಾರುವವನು ಕೂಗಿಕೊಂಡು ಹೋದ.

"ಇನ್ನು ಅದು ತಾನೇ ಏಳುತ್ತೆ," ಎಂದ ನೇರಿಯೋ. "ಯಾವ ನೆಪಕ್ಕೆ ಫೋನ್ ಮಾಡ್ತೀಯಾ?"

"ಸುಮ್ನೆ ಮಾಡ್ತೀನಿ."

"ಸುಮ್ನೆ ಮಾಡೋದಕ್ಕೆ ಏನಂತಾರೆ ಗೊತ್ತಾ?"

"ಗೊತ್ತು. ಅದನ್ನ ನಿನಗೆ ಹೇಳೋಕಾಗ್ದೆ ಇಷ್ಟು ದಿನ ನಿನ್ನ ಕಂಪ್ಯೂಟರಿಗೆ ಬೈತಿದ್ದೆ. ಪ್ರೀತಿ ಅಂತಾರೆ. ಸಾಕಾ? ನನಗೆ ನೀನು ಬೇಕು, ಹೋಗ್ಬೇಡ ಅನ್ನೋಕೂ ಬಾಯಿ ಬರಲ್ಲ."

ಅವನು ಅಂಗೈಯಿಂದ ಕಣ್ಣು ಒತ್ತಿಕೊಂಡ. ಕ್ಲಿನಿಕ್ ಬಿಟ್ಟು ನಾನು ಅಲ್ಲಿಗೆ ಹೋಗಿ ನೆಲೆಸಲಾರೆ ಎಂದು ಅವನಿಗೆ ಗೊತ್ತಿತ್ತು. ಬಾ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

"ಅಲ್ಲಿ ತುಂಬಾ ಚಳಿಯಂತೆ," ಎಂದೆ. "ನನ್ನ ಹತ್ತಿರ ಒಂದು ಸ್ವೆಟರೂ ಇಲ್ಲ."

ಅವನು ಕೈ ತೆಗೆದು ನನ್ನನ್ನೇ ನೋಡಿದ.

"ಭಾನುವಾರದ ಬಸ್ಸಿಗೆ ನೀನೇ ಇಲ್ಲಿಗೆ ಬಾ," ಎಂದ. "ನನ್ನ ಸ್ವೆಟರ್ ತಗೊಂಡು ಬಸ್ ಸ್ಟ್ಯಾಂಡಲ್ಲಿ ನಿಂತಿರ್ತೀನಿ."