ಐದು ಬಗೆಯಲ್ಲಿ ಬರೆದ ಹೆಸರು

"ಇಲ್ಲ ಅಂತ ಮಾತ್ರ ಹೇಳ್ಬೇಡಿ! ಇನ್ನೊಂದ್ಸಲ ನೋಡಿ..."

ಆಸ್ಪತ್ರೆಯ ದಾಖಲೆ ಕೋಣೆಯ ಕಿಟಕಿಗೆ ಹಣೆ ಒತ್ತಿ ನಿಂತಿದ್ದಳು ಹೊಲಿಗೆ ಅಂಗಡಿಯ ಯುವತಿ. ಅಪ್ಪನಂತೆ ಸಾಕಿದ ಅಣ್ಣ, ಹಿಂದಿನ ದಿನ ಉರುಳಿಬಿದ್ದ ಬಸ್ಸಿನಲ್ಲಿದ್ದ. ಆಸ್ಪತ್ರೆಯವರು ಗಡಿಬಿಡಿಯಲ್ಲಿ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರು.

ಕಂಪ್ಯೂಟರ್ ಮುಂದಿದ್ದ ಗುಮಾಸ್ತ ತಲೆ ಎತ್ತಿದ. "ಅಣ್ಣನ ಹೆಸರನ್ನ ಜನ ಹೇಗೆಲ್ಲ ತಪ್ಪಾಗಿ ಬರೀಬಹುದು? ಎಲ್ಲಾ ಬರ್ಕೊಡಿ."

ಅವಳು ಐದು ಬಗೆಯಾಗಿ ಬರೆದುಕೊಟ್ಟಳು.

"ಇದಕ್ಕೆ ಕಂಪ್ಯೂಟರಲ್ಲಿ ಹೊಸ ಟೇಬಲ್, ಅಂದ್ರೆ ಪಟ್ಟಿ, ಮಾಡೋ ಅನುಮತಿ ನನಗಿಲ್ಲ. ಅದು ಬೇಕಾಗಿಯೂ ಇಲ್ಲ," ಅಂದ ಅವನು. "ಐದನ್ನೂ ಕಂಪ್ಯೂಟರಿಗೆ ಕೇಳೋ ಪ್ರಶ್ನೆಯೊಳಗೇ ಬರೀತೀನಿ. ಉತ್ತರ ಬರೋವರೆಗೆ ಅದೇ ಐದು ಸಾಲಿನ ಟೇಬಲ್. ಅದನ್ನ ಆಸ್ಪತ್ರೆಯ ಹೆಸರುಗಳ ಟೇಬಲ್ ಜೊತೆ ಕಂಪ್ಯೂಟರ್ ಹೋಲಿಸಿ ನೋಡುತ್ತೆ."

ಪರದೆಯ ಮೇಲೆ ಒಂದೇ ಒಂದು ಸಾಲು ಬಂತು. ಅವನ ಮುಖ ಬಿಳಿಚಿತು.

"ಸಿಕ್ಕಿದ್ನಾ?"

"...ಇನ್ನೂ ಇಲ್ಲ. ನಾಳೆ ಬೆಳಿಗ್ಗೆ ಬನ್ನಿ."

ಮರುದಿನ ನರ್ಸಮ್ಮ ಅವಳನ್ನು ಶವಾಗಾರಕ್ಕೆ ಕರೆದೊಯ್ದಳು. "ಹೆಸರು ನಿನ್ನೆನೇ ಸಿಕ್ಕಿತ್ತಲ್ಲಮ್ಮಾ..."

ಅಂದ್ರೆ... ಆ ಗುಮಾಸ್ತನಿಗೆ ಗೊತ್ತಿತ್ತು!

ಅಣ್ಣನ ತಣ್ಣನೆಯ ಕೈ ಬಿಟ್ಟು ಕಿಟಕಿಗೆ ಓಡಿಬಂದಳು. "ನಿಮ್ಮನ್ನ ನಂಬಿದ್ನಲ್ರೀ! ಅಮ್ಮ ಇವತ್ತೂ ಅವನ ಪಾಲಿನ ತಿಂಡಿ ಎತ್ತಿಟ್ಟಿದ್ದಾಳೆ!"

ಅವನು ತಲೆ ತಗ್ಗಿಸಿ ನಿಂತ.

ಮೂರು ತಿಂಗಳ ಮೇಲೆ, ಮರಣ ಪ್ರಮಾಣಪತ್ರಕ್ಕೆಂದು ಬಂದವಳನ್ನು ನರ್ಸಮ್ಮ ಪಕ್ಕಕ್ಕೆ ಕರೆದಳು.

"ಅದೇ ಹೆಸರಿನ ಬೇರೆಯವರಿರಬಹುದು ಅಂತ ಆ ಗುಮಾಸ್ತ ಅವತ್ತು ಸಂಜೆವರೆಗೂ ಬಸ್ ಟಿಕೆಟ್ಟು, ಜೇಬಿನ ಕಾಗದ ಎಲ್ಲಾ ತಾಳೆ ನೋಡ್ದ ಕಣಮ್ಮ. ಆಮೇಲೂ ಮನೆಗೆ ಹೋಗ್ಲಿಲ್ಲ. ನಿಮ್ಮಣ್ಣನ ಹತ್ರ ಯಾರೂ ಇಲ್ವಲ್ಲಾ ಅಂತ ರಾತ್ರಿಯೆಲ್ಲಾ ಶವಾಗಾರದ ಬಾಗಿಲಲ್ಲೇ ಕೂತಿದ್ದ."

ಅವಳು ನೇರವಾಗಿ ಕಿಟಕಿಯ ಬಳಿ ಹೋದಳು.

"ಯಾಕೆ ಹೇಳ್ಲಿಲ್ಲ?"

"ಯಾರದೋ ಸಾವನ್ನ ನಿಮ್ಮ ತಲೆಗೆ ಕಟ್ಟಿಬಿಡ್ತೀನೇನೋ ಅಂತ ಹೆದರಿದೆ. ಖಚಿತ ಆದ್ಮೇಲೆ... ಬಾಯೇ ಬರ್ಲಿಲ್ಲ. ಅದು ನನ್ನ ತಪ್ಪು." ಅವನು ಕುರ್ಚಿಯಿಂದ ಎದ್ದ. "ದಾಖಲೆಲಿದ್ದ ವಿಳಾಸ ಹಿಡ್ಕೊಂಡು ನಿಮ್ಮ ಅಂಗಡಿ ಬಾಗಿಲವರೆಗೂ ಮೂರು ಸಲ ಬಂದಿದ್ದೆ. ಎರಡು ಸಲ ಕ್ಷಮೆ ಕೇಳೋಕೆ."

"ಮೂರನೇ ಸಲ?"

"...ನಿಮ್ಮನ್ನ ನೋಡೋಕೆ."

ಅವಳ ಕಣ್ಣು ತುಂಬಿ ಬಂತು. "ಒಳಗೆ ಬರ್ಬಾರದಿತ್ತಾ?"

"ಬಂದಿದ್ರೆ?"

"ಬೈತಿದ್ದೆ... ಬೈದು, ಅತ್ತು, ಕೂತ್ಕೊಳ್ಳಿ ಅಂತಿದ್ದೆ."

"ಈಗ ಬರ್ಲಾ?"

"ಬನ್ನಿ. ಆ ಕೊನೇ ರಾತ್ರಿ ಅವನ ಹತ್ರ ಯಾರಿದ್ರು ಅಂತ ಅಮ್ಮ ದಿನಾ ಕೇಳ್ತಾಳೆ..."