ಜುಲೈ ಒಂಬತ್ತರ ಬಿಲ್ಡ್

"ಇದನ್ನ ಮಾಡಿದ್ದು ನೀನೇನಾ?"

ಕೌಂಟರ್ ಮೇಲೆ ಪ್ಲಾಸ್ಟಿಕ್ ಡಬ್ಬಿ ಧಪ್ಪೆಂದು ಬಿತ್ತು.

ಯಶೋಧರಾ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ತಲೆಯೆತ್ತಿದಳು. ಎದುರಿಗಿದ್ದವನ ಅಂಗಿಯ ಮೇಲೆ ಒಣಗಿದ ರಕ್ತ. ಇಷ್ಟು ಚೆಂದದ ಮುಖದಲ್ಲಿ ಇಷ್ಟೊಂದು ಸಿಟ್ಟಾ ಎಂದು ಆ ಗಳಿಗೆಯಲ್ಲೂ ಅವಳಿಗೆ ಅನ್ನಿಸಿತು. ಮನಸ್ಸಿಗೆ ನಾಚಿಕೆ ಅನ್ನುವುದು ಎಲ್ಲಿರುತ್ತೆ ಹೇಳಿ!

"ಹೌದು, ನಾನೇ. ಏನಾಯ್ತು ಹೇಳಿ?"

"ಏನಾಯ್ತಾ? ನಮ್ಮವ್ವನ ಎರಡು ಬೆರಳು ಹೋಯ್ತು! ಕರೆಂಟ್ ಇರ್ಲಿಲ್ಲ, ಮೇವು ಕತ್ರಿಸೋ ಮಿಷಿನ್ನಲ್ಲಿ ಸಿಕ್ಕಾಕ್ಕೊಂಡಿದ್ದ ಜೋಳದ ದಂಟು ಎಳೀತಿದ್ಲು. ಕರೆಂಟ್ ಬಂತು... ಫೋನ್ ಯಾರೂ ಮುಟ್ಟಿಲ್ಲ, ಮಿಷಿನ್ ತಾನೇ ತಿರುಗ್ಬಿಡ್ತು!"

ಅವನು ಓಂಕಾರೇಶ್, ಚೌಳಹಿರಿಯೂರಿನವನು. ಅವನ ತಾಯಿ ವಿಮಲಮ್ಮ ಜುಲೈ ಮೂರಕ್ಕೆ ಕಡೂರಿನ ಈ ಅಂಗಡಿಗೆ ಬಂದು, ಮಿಷಿನ್ನನ್ನು ಮೊಬೈಲಿನಿಂದಲೇ ಆನ್ ಆಫ್ ಮಾಡುವ ಡಬ್ಬಿ ಒಯ್ದಿದ್ದರು. ಒಳಗಿನ ವೈಫೈ ಬೋರ್ಡಿನ ಕೋಡ್ ಬರೆದವಳು ಯಶೋಧರಾ. ಮುಂದೆ ರಿಪೇರಿಗೆ ಬೇಕಾದೀತೆಂದು ಆ ಕೋಡನ್ನು ಪೆನ್‌ಡ್ರೈವಿಗೂ ಹಾಕಿ ಕೊಟ್ಟಿದ್ದಳು.

ಅವಳು ಬೋರ್ಡನ್ನು ಲ್ಯಾಪ್‌ಟಾಪಿಗೆ ಚುಚ್ಚಿದಳು. ಚಾಲೂ ಆಗುವಾಗ ಬೋರ್ಡ್ ತನ್ನ ಜಾತಕವನ್ನೆಲ್ಲ ಪರದೆಯ ಮೇಲೆ ಹೇಳಿಕೊಳ್ಳುತ್ತದೆ. ಕೋಡ್ ಬಿಲ್ಡ್ ಆದ, ಅಂದರೆ ಕೊನೆಯ ಸಲ ಬದಲಾಗಿ ತಯಾರಾದ ದಿನ... ಜುಲೈ ಒಂಬತ್ತು!

ಅವಳು ಕೊಟ್ಟಿದ್ದು ಮೂರಕ್ಕೆ. ಕೆಳಗೆ ನೋಡಿದರೆ ಮಿಷಿನ್ನಿನ ವೈರ್ ಸೇರುವ ಪಿನ್ನಿನ ನಂಬರೂ ಬೇರೆ. ಅವಳಿಗೆ ಎಲ್ಲ ಅರ್ಥವಾಯಿತು: ಪೆನ್‌ಡ್ರೈವಿನ ಕೋಡನ್ನು ಇವನ ಮನೆಯಲ್ಲೇ ಬದಲಾಯಿಸಿದ್ದಾರೆ.

"ನೋಡಿ ಇವ್ರೇ, ಇದನ್ನ ಯಾರೋ..."

"ಬಾಯ್ಮುಚ್ಚೇ! ಹೆಣ್ಮಕ್ಳ ಕೈಗೆ ಇಂಥ ಕೆಲ್ಸ ಕೊಟ್ರೆ ಹಿಂಗೇ ಆಗೋದು!"

ಬೀದಿಯವರೆಲ್ಲ ಬಾಗಿಲಲ್ಲಿ ಜಮಾಯಿಸಿದ್ದರು. ಯಶೋಧರಾ ಬಾಯಿ ಮುಚ್ಚಿದಳು. ಕರುಣೆಯಿಂದ ಎಂದುಕೊಂಡಿರಾ? ಅಲ್ಲವೇ ಅಲ್ಲ. 'ಇವನು ನನ್ನ ಕಂಡು ನಗೋ ದಿನ ಬರಲಿ. ಅವತ್ತು ತೋರಿಸ್ತೀನಿ' ಎಂದುಕೊಂಡು ಆ ಪರದೆಯ ಫೋಟೋ ತೆಗೆದಿಟ್ಟಳು.

ಓಂಕಾರೇಶ್ ಅಷ್ಟಕ್ಕೆ ಬಿಡಲಿಲ್ಲ. ಊರಿನ ಡೈರಿಯಲ್ಲಿ ಹಾಲಿನ ಸರದಿಗೆ ನಿಂತವರೆದುರು ಅವಳ ಹೆಸರು ಹಿಡಿದು ಉಗಿದ. ಜನ ಡಬ್ಬಿಗಳನ್ನು ಒಂದೊಂದಾಗಿ ವಾಪಸ್ ತಂದು ಬಿಸಾಕಿದರು. ತಿಂಗಳು ತುಂಬುವುದರೊಳಗೆ ಅವಳ ಅಪ್ಪ ಲಕ್ಷ್ಮಣಪ್ಪ ಏಣಿ ಹತ್ತಿ ಅಂಗಡಿಯ ಹೆಸರಿನ ಹಲಗೆ ಇಳಿಸಿದ. ಮಗಳ ಮುಖ ನೋಡಲಿಲ್ಲ.

ಅವಳು ಮಾತ್ರ ಪ್ರತಿ ಭಾನುವಾರ ಚೌಳಹಿರಿಯೂರಿನ ಬಸ್ಸು ಹತ್ತಿದಳು. "ಅಮ್ಮಾ, ಹಸು ನಾನು ಕರೀತೀನಿ" ಎಂದು ವಿಮಲಮ್ಮನ ಮುಂದೆ ನಿಂತಳು. ವಿಮಲಮ್ಮ ಅವಳ ಮುಖ ನೋಡದೆ ಚೊಂಬು ಕೊಟ್ಟರು.

"ಪಾಪ ತೊಳ್ಕೊಳೋಕೆ ಬಂದ್ಯಾ?" ಎಂದ ಓಂಕಾರೇಶ್.

"ಹೂಂ ಕಣ್ರೀ" ಎಂದಳು.

ಮೂರನೇ ತಿಂಗಳು ಅವನು ಅವಳಿಗೆ ಮಣೆ ಹಾಕಿದ. ಐದನೇ ತಿಂಗಳು ಬಸ್ ಬರುವ ಮೊದಲೇ ಬಂದು ಕಾಯತೊಡಗಿದ. 'ಬಿದ್ದ ಬಡ್ಡೀಮಗ!' ಎಂದು ಅವಳು ಒಳಗೊಳಗೇ ಹಿಗ್ಗಿದಳು. ಆದರೆ ಒಂದು ಭಾನುವಾರ ಜ್ವರ ಬಂದು ಹೋಗಲಾಗದೆ, ಗೋಡೆಗೆ ಮುಖ ಮಾಡಿ ಅತ್ತಳಲ್ಲ... ಅವತ್ತು ತಿಳಿಯಿತು. ಬಿದ್ದವನು ಅವನೊಬ್ಬನೇ ಅಲ್ಲ.

ಸಂಕ್ರಾಂತಿ ಕಳೆದ ಮೇಲೆ, ಒಂದು ಸಂಜೆ, ಅವರ ಮನೆಯ ಜಗುಲಿಯಲ್ಲಿ ವಿಮಲಮ್ಮನ ಮಿಷಿನ್ನಿನ ಹೊಸ ಬೋರ್ಡಿಗೆ ಕೋಡ್ ಹಾಕಲು ಕೂತಳು. ಅಗ್ಗದ ಬೋರ್ಡು, ಕೋಡ್ ಒಳಗೆ ಇಳಿಯಬೇಕಾದರೆ ಒಬ್ಬರು ಅದರ ಪುಟಾಣಿ ಬಟನ್ ಒತ್ತಿ ಹಿಡಿಯಲೇಬೇಕು.

"ಓಂಕಾರ್, ಇಲ್ಲಿ ಒತ್ತು. ನಾನು ಹೇಳೋವರ್ಗೂ ಬಿಡ್ಬೇಡ."

"ಬಿಡಲ್ಲ..." ಅವನು ಒತ್ತಿದ. ಅವಳತ್ತ ನೋಡಿ ನಕ್ಕ. "ನಿನ್ನೂ ಬಿಡಲ್ಲ ಕಣೇ. ಮದ್ವೆ ಆಗ್ತೀಯಾ?"

ನಗು! ಇದೇ ನಗುವಿಗಲ್ಲವೇ ಅವಳು ಕಾದಿದ್ದು?

'ಬೇಡ, ಹೇಳಬೇಡ' ಎಂದು ಒಂದು ಮನಸ್ಸು ಅಂಗಲಾಚಿತು. ಇನ್ನೊಂದಕ್ಕೆ ಏಣಿ ಮೇಲಿದ್ದ ಅಪ್ಪ ನೆನಪಾದ. ಅವಳು ಫೋಟೋ ತೆರೆದು ಅವನ ಮುಂದೆ ಹಿಡಿದಳು.

"ಜುಲೈ ಒಂಬತ್ತು. ಡಬ್ಬಿ ಬಿಚ್ಚಿ ಬೇರೆ ಕೋಡ್ ಹಾಕಿದ್ದು ಯಾರು?"

"ನಾನೇ. ಒಂದು ಸ್ಕ್ರೂ ಸವೆದಿತ್ತು, ವೈರ್ ನಿಲ್ತಿರ್ಲಿಲ್ಲ. ಪಕ್ಕದ ಪಿನ್ನಿಗೆ ಹಾಕ್ದೆ. ಕೋಡಲ್ಲಿ ಬದಲಾಯ್ಸಿದ್ದು ಒಂದೇ ಒಂದು ನಂಬರ್..."

"ಆ ಪಿನ್ನು ಕರೆಂಟ್ ಬಂದ ತಕ್ಷಣ ತಾನಾಗೇ ಒಂದ್ಸಲ ಆನ್ ಆಗುತ್ತೆ. ಕಣ್ಣು ಮಿಟುಕಿಸೋವಷ್ಟೇ ಹೊತ್ತು. ನಿಮ್ಮ ಮೋಟಾರಿನ ಸ್ಟಾರ್ಟರ್‌ಗೆ ಅಷ್ಟು ಸಾಕು. ಹಿಡ್ಕೊಂಡು ಮಿಷಿನ್ ತಿರುಗಿಸ್ತಾನೇ ಇರುತ್ತೆ."

ಬಟನ್ ಮೇಲಿನ ಅವನ ಬೆರಳು ಜಾರಿತು.

"ಅವ್ವನ ಬೆರಳು... ನಾನಾ?"

"ನೀನೇ."

ಎಷ್ಟು ಕ್ರೂರವಾಗಿ ಹೇಳಿದಳೆಂದರೆ ಅವಳಿಗೇ ತನ್ನ ದನಿಯ ಗುರುತು ಸಿಗಲಿಲ್ಲ. ಅವನು ಎದ್ದವನೇ ಡೈರಿಯ ಕಡೆ ನಡೆದ. ಚಪ್ಪಲಿ ಕೂಡ ಮೆಟ್ಟಲಿಲ್ಲ.

ಅವಳು ಹಿಂದೆಯೇ ಓಡಿದಳು. ಸಂಜೆಯ ಹಾಲಿನ ಸರದಿಯಲ್ಲಿ ಊರಿಗೆ ಊರೇ ನಿಂತಿತ್ತು, ಕ್ಯಾನು ಹಿಡಿದ ವಿಮಲಮ್ಮನೂ ಇದ್ದರು.

"ಕೇಳ್ರಪ್ಪಾ! ಯಶೋಧರಾದು ಏನೂ ತಪ್ಪಿಲ್ಲ. ನಮ್ಮವ್ವನ ಬೆರಳು ಕಿತ್ತಿದ್ದು ನಾನು! ಇಲ್ಲೇ ನಿಂತು ಅವಳಿಗೆ ಉಗಿದಿದ್ದೂ ನಾನೇ!"

ಮಾತಾಡಿದ್ದು ವಿಮಲಮ್ಮ ಒಬ್ಬರೇ.

"ನಂಗೊತ್ತಿತ್ತು ಕಣೋ. ನೀನು ಡಬ್ಬಿ ಬಿಚ್ಚಿದ್ದು ಕಂಡಿದ್ದೆ. ಡಬ್ಬಿ ಕೆಟ್ಟಿದ್ದು ನಿನ್ನ ಕೈಯಿಂದ್ಲೇ ಅಂತ ಅವತ್ತೇ ಅನ್ನಿಸ್ತು." ಆಮೇಲೆ ಯಶೋಧರಾ ಕಡೆ ತಿರುಗಿದರು. "ನೀನು ಬೈಸ್ಕೊಳೋದು ಕೇಳ್ತಾ ಸುಮ್ಕೆ ಕೂತಿದ್ದೆ ಕಣವ್ವಾ. ಅವ್ನು ನನ್ನ ಮಗ, ನೀನು ಬೇರೆಯವರ ಮಗಳಲ್ವಾ..."

ಈ ಹೆಂಗಸಿನ ಹಸುವನ್ನು ಯಶೋಧರಾ ಆರು ತಿಂಗಳು ಕರೆದಿದ್ದಳು!

ಜಗುಲಿಗೆ ವಾಪಸ್ ಬಂದಾಗ ಓಂಕಾರೇಶ್ ಕಂಬಕ್ಕೆ ಒರಗಿ ಅಳುತ್ತಿದ್ದ.

"ಸಾಕಾಯ್ತಾ ನಿಂಗೆ?"

"ಖುಷಿ ಆಗುತ್ತೆ ಅನ್ಕೊಂಡಿದ್ದೆ ಕಣೋ... ಆಗ್ಲಿಲ್ಲ."

"ನಂಗೆ ಮೊದ್ಲೇ ಒಂದ್ಸಲ ಅನುಮಾನ ಬಂದಿತ್ತು, ಯಶೋ. ಅದನ್ನ ಮುಚ್ಚೋಕೇ ನಿನ್ನ ಅಷ್ಟು ಜೋರಾಗಿ ಬೈದೆ."

ಅವಳ ಎದೆ ಉರಿಯಿತು. ಎದ್ದು ಹೋಗಿಬಿಡಲೇ? ಕೊನೇ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು.

"ನಾಳೆ ನಮ್ಮಪ್ಪನ ಹತ್ರ ಬಾ. ಇಳಿಸಿದ ಹಲಗೆ ನೀನೇ ಏಣಿ ಹತ್ತಿ ಹಾಕ್ಬೇಕು."

"ಹಾಕ್ತೀನಿ. ಆಮೇಲೆ?"

"ಈಗ ಇದನ್ನ ಒತ್ತು. ಅಮ್ಮನ ಬೋರ್ಡಿಗೆ ಇನ್ನೂ ಕೋಡ್ ಹೋಗಿಲ್ಲ."

"ನನ್ನ ಕೈಗೆ ಕೊಡ್ತೀಯಾ... ಇಷ್ಟಾದ್ಮೇಲೂ?"

"ಕೋಡ್ ಮುಟ್ಟಿದ್ರೆ ಕೈ ಮುರೀತೀನಿ. ಬಟನ್ ಮಾತ್ರ."

ಅವನು ಒತ್ತಿ ಹಿಡಿದ. ಪರದೆಯ ಮೇಲೆ ಅಂಕಿ ಏರಿತು. ಐವತ್ತು... ಎಂಬತ್ತು... ನೂರು. ಅವಳು ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟಳು.

"ಎಲ್ಲಾ ಹೋಯ್ತಲ್ವಾ ಯಶೋ? ಬಿಡ್ಲಾ?"

"ಬಿಡು ಅಂತ ನಾನು ಹೇಳಿದ್ನಾ?"